ಗುರಣ್ಣನ ಹನ್ನೊಂದು ಸಾಲು

ಸತ್ತವನು ಚಹಾ ಕುಡಿಯುತ್ತ ಕೂತಿದ್ದ.

ನಿಂಬರ್ಗಾದ ಬಸ್ ಸ್ಟ್ಯಾಂಡಿನ ಎದುರು, ಶರಫುದ್ದೀನನ ಹೋಟೆಲಿನ ಬೆಂಚಿನ ಮೇಲೆ, ಬಸಿಯಲ್ಲಿ ಸುರುವಿಕೊಂಡು ಊದಿ ಊದಿ ಕುಡಿಯುತ್ತಿದ್ದ. ಕಸ್ತೂರಿ ಆಗಷ್ಟೇ ಬಸ್ಸಿಳಿದು, "ಕಲಾವಿದ ಗುರಣ್ಣ ಅಂತ, ತೀರಿಕೊಂಡಾರಲ್ರಿ, ಅವರ ಮನಿ ಎಲ್ಲಿ ಬರ್ತದ್ರಿ?" ಎಂದು ಕೇಳಿದ್ದಳು. ಶರಫುದ್ದೀನ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಯಾವಾಗ ತೀರ್ಕೊಂಡ್ರಿ? ಅಗೋ, ಅಲ್ಲೇ ಕುಂತಾನಲ್ಲ!"

ಕಸ್ತೂರಿ ತಿರುಗಿ ಬೆಂಚಿನ ಕಡೆ ನೋಡಿದಳು. ಅದೇ ದಪ್ಪ ಹುಬ್ಬು, ಎಡಗೆನ್ನೆಯಲ್ಲಿ ಅದೇ ಗುಳಿ. ನಾಲ್ಕು ತಿಂಗಳಿಂದ ಫೈಲಿನೊಳಗೆ ಕದ್ದು ಕದ್ದು ನೋಡಿದ ಫೋಟೋದಲ್ಲಿ ಕಣ್ಣು ಮುಚ್ಚಿದ್ದವು. ಈಗ ತೆರೆದು ನೇರ ಅವಳನ್ನೇ ನೋಡುತ್ತಿದ್ದವು. ಅವು ಇಷ್ಟು ಚೆಂದ ಇರಬಹುದೆಂದು ಅವಳು ಎಣಿಸಿರಲಿಲ್ಲ.

"ನೀವು... ಸತ್ತೀರಲ್ರಿ?"

"ಇನ್ನಾ ಇಲ್ರಿ," ಎಂದ ಅವನು, ಬಸಿ ಕೆಳಗಿಟ್ಟು. "ಕುಂಡ್ರಿ, ಗಾಬರಿ ಆಗೀರಿ. ಶರಫು, ಬಾಯಾರಿಗೆ ಒಂದು ಚಹಾ ಕೊಡಪಾ."

ಕಸ್ತೂರಿ ಬೆಂಚಿನ ತುದಿಗೆ ಕೂತಳು. ಗುಲಬರ್ಗಾದಲ್ಲಿ 'ಗತಿಸಿದ ಕಲಾವಿದರ ಕೋಶ' ತಯಾರಾಗುತ್ತಿತ್ತು. ಅವಳು ಅಲ್ಲಿ ಉಪಸಂಪಾದಕಿ. ಬದುಕಿರುವವರಿಗೆ ಆ ಕೋಶದಲ್ಲಿ ಪ್ರವೇಶವಿಲ್ಲ. ಗುರಣ್ಣ ಗೋಣಿಚೀಲದ ಮೇಲೆ ಸುಣ್ಣ, ಕೆಮ್ಮಣ್ಣಿನಿಂದ ಚಿತ್ರ ಬರೆದವನು. "ಚೀಲಕ್ಕ ಸುಣ್ಣ ಬಳದವರಿಗೆಲ್ಲ ಜಾಗಾ ಕೊಟ್ರ, ನಾಳೆ ಮನಿ ಕಟ್ಟೋ ಗೌಂಡ್ಯಾರೂ ಅರ್ಜಿ ಹಾಕ್ತಾರವಾ," ಎಂದು ಸಂಪಾದಕ ವ್ಯಂಕಟೇಶರಾಯರು ಫೈಲು ಮುಚ್ಚಿದ್ದರು. ಕಸ್ತೂರಿ ಹಟ ಬಿಡಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಅವನ ಬಗ್ಗೆ ಬಂದಿದ್ದ ಎರಡು ಲೇಖನ ಹುಡುಕಿ ತಂದು, ಜಗಳಾಡಿ, ಹನ್ನೊಂದು ಸಾಲು ಗಿಟ್ಟಿಸಿದ್ದಳು. ಮರಣದ ವರ್ಷವನ್ನು ಊರಿಗೆ ಹೋಗಿ ಖಾತ್ರಿ ಮಾಡಿಕೊಳ್ಳುವುದಷ್ಟೇ ಬಾಕಿಯಿತ್ತು.

"ಹಂಗಾರ ಈ ಫೋಟೋ?"

ಫೋಟೋದಲ್ಲಿ ಅವನು ಹೂವಿನ ವಿಮಾನದಲ್ಲಿ ಕೂತಿದ್ದ. ಹಣೆಗೆ ವಿಭೂತಿ, ಕೊರಳಿಗೆ ಮಾಲೆ, ಮುಂದೆ ಭಜನೆಯವರು. ಲಿಂಗವಂತರ ಮನೆಯಲ್ಲಿ ತೀರಿಕೊಂಡವರನ್ನು ಹೀಗೆಯೇ ಕೂಡಿಸಿ ಒಯ್ಯುತ್ತಾರೆ.

"ಅದು ನನ್ನ ಕಲಾಕೃತಿರಿ," ಎಂದ ಗುರಣ್ಣ. "ಆರು ವರ್ಷದ ಹಿಂದ, ಎಪ್ಪತ್ತೊಂಬತ್ತರಾಗ, ನನ್ನ ಕುಂಚಗಳಿಗೆ ಮಣ್ಣು ಕೊಟ್ಟೆ. ಅವುಗಳ ಪರವಾಗಿ ನಾನೇ ವಿಮಾನದಾಗ ಕುಂತೆ. ಯಾವನೋ ವರದಿಗಾರ ಬಸ್ಸಿನ ಕಿಟಕ್ಯಾಗಿಂದ ನೋಡಿ, ಫೋಟೋ ಹೊಡದು, ಗುರಣ್ಣ ಲಿಂಗೈಕ್ಯ ಅಂತ ಪೇಪರಿಗೆ ಬರದುಬಿಟ್ಟ."

"ತಿದ್ದಿಸಲಿಲ್ಲೇನ್ರಿ?"

"'ಶ್ರೇಷ್ಠ ಕಲಾವಿದ' ಅಂತ ಬರದಿದ್ರು ಬಾಯಾರೇ, ಅದೇ ಮೊದಲನೇ ಸಲ. ಹೆಂಗ ತಿದ್ದಿಸ್ಲಿ?"

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳು ಗಡಿಬಿಡಿಯಿಂದ ಕೋಶದ ಫಾರಂ, ಪೆನ್ನು ತೆಗೆದು, ಆಫೀಸಿನವಳ ದನಿಯಲ್ಲಿ, "ಹೆಂಡ್ತಿ, ಮಕ್ಕಳು?" ಎಂದಳು. ಆ ಪ್ರಶ್ನೆ ಫಾರಂನಲ್ಲಿ ಇರಲೇ ಇಲ್ಲ.

"ವಿಮಾನದಾಗ ಕುಂತು ಬಂದವಗ ಹೆಣ್ಣು ಯಾರು ಕೊಡ್ತಾರ್ರಿ? ಸಾಲ್ಯಾಗ ಡ್ರಾಯಿಂಗ್ ಕಲಸ್ತೇನಿ, ಮನಿಗೆ ಹೋಗಿ ರೊಟ್ಟಿ ತಿಂತೇನಿ."

ಕಸ್ತೂರಿ ಸಂತೋಷ ಮುಚ್ಚಿಕೊಳ್ಳಲು ಚಹಾ ಕುಡಿದು ನಾಲಿಗೆ ಸುಟ್ಟುಕೊಂಡಳು.

ಆಮೇಲೆ ಅವಳ ಹನ್ನೊಂದು ಸಾಲನ್ನು ಅವನು ಓದಿದ. ಎರಡು ಸಲ ಓದಿದ.

"ಹರೇ ಇದ್ದಾಗ ಎಂಟು ವರ್ಷ ಬರದೆ. ಒಂದು ಚಿತ್ರನೂ ಉಳಿದಿಲ್ರಿ. ಚೀಲ ಚೊಲೋ ಅವ ಅಂತ ನಮ್ಮವ್ವ ಎಲ್ಲಾದ್ರಾಗೂ ತೊಗರಿ ತುಂಬಿ ಗಂಜ್ ಬಜಾರಕ್ಕ ಮಾರಾಕ ಕಳಿಸಿದ್ಳು. ನಾ ಕಲಾವಿದ ಅನ್ನೂದಕ್ಕ ಇದೊಂದೇ ಸಾಕ್ಷಿ." ಅವನು ತಲೆ ಎತ್ತಲಿಲ್ಲ. "ಸತ್ತೇನಂತನೇ ಬರೀರಿ."

ಕಸ್ತೂರಿ ದಂಗಾದಳು.

"ಸುಳ್ಳು ಬರೀಲೇನ್ರಿ?"

"ಸತ್ತಾವ ನಾನೇ ಒಪ್ಪೇನಿ. ಇನ್ಯಾರಿಗೇನು ತ್ರಾಸ?"

"ನನಗದ್ರೀ ತ್ರಾಸ!" ದನಿ ಏರಿತು, ಶರಫುದ್ದೀನ ತಿರುಗಿ ನೋಡಿದ. "ಖಾತ್ರಿ ಮಾಡೀನಿ ಅಂತ ಸಹಿ ಮಾಡಾಕಿ ನಾನು. ನೀವು ಸತ್ತೀರಿ ಅಂತ ಸಹಿ ಮಾಡಿ, ಮತ್ತ ಈ ಊರಿಗೆ ಯಾವ ಮಾರಿ ಹೊತ್ಕೊಂಡು ಬರ್ಲಿ?"

"ಮತ್ತ ಬರ್ತೀರೇನು?"

ಆಡಿದ ಮಾತು, ಒಡೆದ ಮುತ್ತು. ಇನ್ನು ಮುಚ್ಚಿಟ್ಟು ಏನು ಮಾಡುವುದು?

"ನಾಕು ತಿಂಗಳಾತ್ರಿ," ಎಂದಳು ಕಸ್ತೂರಿ, ಬೆಂಚಿನ ಮೇಲೆ ಕಣ್ಣಿಟ್ಟು. "ಸತ್ತವನ ಮ್ಯಾಲೆ ಮನಸಿಟ್ಟು, ಬಂದ ಎರಡು ಗಂಡು ಬ್ಯಾಡಂದೇನಿ. ಹುಚ್ಚು ಹಿಡದದ ಅಂತ ನನಗೇ ಅನಸ್ತಿತ್ತು. ಇವತ್ತು ನೋಡಿದ್ರ ನೀವು ಚಹಾ ಕುಡ್ಯಾಕತ್ತೀರಿ."

ಗುರಣ್ಣನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ವಿಮಾನದಲ್ಲಿ ಕೂತ ದಿನವೂ ಅವನು ಹೀಗೆ ಕಂಡಿರಲಿಕ್ಕಿಲ್ಲ.

ಅವಳು ಫಾರಂ ಅವನ ಮುಂದೆ ಸರಿಸಿದಳು. "ನೀವೇ ಬರೀರಿ. ಕೋಶದಾಗ ಇರಬೇಕಂದ್ರ ವರ್ಷ ತುಂಬ್ರಿ. ನಾ ಸಹಿ ಮಾಡಿ ಹೋಗ್ತೇನಿ, ಮತ್ತ ಬರಂಗಿಲ್ಲ. ನಾ ಬರಬೇಕಂದ್ರ..." ಅಷ್ಟಕ್ಕೇ ಬಿಟ್ಟು ಪೆನ್ನನ್ನು ಅವನ ಕೈಗಿಟ್ಟಳು.

ಅವನು ಆ ಹನ್ನೊಂದು ಸಾಲನ್ನು ಮತ್ತೊಮ್ಮೆ ನೋಡಿದ. ಎಳೆ ಮಗುವಿನ ತಲೆ ಸವರಿದಂತೆ ಕಾಗದದ ಮೇಲೆ ಅಂಗೈ ಆಡಿಸಿದ. ಅವಳಿಗೆ ನೋಡಲಾಗಲಿಲ್ಲ. ಎಷ್ಟು ಕಷ್ಟದ್ದನ್ನು ಕೇಳಿದೆನೆಂದು ಆಗ ಗೊತ್ತಾಗಿ ಕಣ್ಣು ತುಂಬಿದವು.

ಮರಣದ ವರ್ಷದ ಜಾಗದಲ್ಲಿ ಅವನು ಅಡ್ಡಗೆರೆ ಎಳೆದ. ಕೆಳಗೆ ದಪ್ಪಕ್ಷರದಲ್ಲಿ 'ಬದುಕಿದ್ದಾನೆ' ಎಂದು ಬರೆದು ತಾನೇ ಸಹಿ ಹಾಕಿದ.

ಗುಲಬರ್ಗಾದ ಬಸ್ಸು ಬಂತು. ಅವನು ಬಾಗಿಲತನಕ ಬಂದ.

"ಆಯಿತವಾರ ನಮ್ಮ ಮನಿಗೆ ಬಂದು ನಮ್ಮಪ್ಪಗ ಕೇಳ್ರಿ," ಎಂದಳು.

"ಯಾರಂತ ಹೇಳ್ಲಿ?"

"ಕಲಾವಿದ ಅಂತ."

"ಸಾಕ್ಷಿ ಕೇಳಿದ್ರ?"

"ಸಾಕ್ಷಿ ಹೇಳಾಕ ನಾ ಮನ್ಯಾಗೇ ಇರ್ತೇನ್ರಿ," ಎಂದು ಕಸ್ತೂರಿ ಬಸ್ಸು ಹತ್ತಿದಳು.