ಟೊರಾಂಟೊಗೆ ಮೂವತ್ತೆಂಟು ತಾಸು

"ಹೈದರಾಬಾದಿನಿಂದ ಟೊರಾಂಟೊಗೆ ವಿಮಾನದಾಗ ಎಷ್ಟು ತಾಸ್ರಿ?"

ಪೂನಂ ಕೇಳಿದ ಕೂಡಲೇ ಗುರುಲಿಂಗನ ಬೆರಳು ಕೀಬೋರ್ಡಿನ ಮೇಲೇ ನಿಂತವು.

ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ಅವನದು ಟಿಕೆಟ್ ಬುಕ್ ಮಾಡಿಕೊಡುವ ಪುಟ್ಟ ಅಂಗಡಿ. ಪೂನಂ ಬಸವಕಲ್ಯಾಣದವಳು, ಇಲ್ಲಿನ ಬ್ಯಾಂಕಿನಲ್ಲಿ ಕೆಲಸ. ದಿನಾ ಸಂಜೆ ಬಸ್ಸಿಗೆ ಹೋಗುವಾಗ ದುಪಟ್ಟಾ ಸರಿಪಡಿಸಿಕೊಳ್ಳುವ ನೆಪದಲ್ಲಿ ಒಮ್ಮೆ ಅಂಗಡಿಯೊಳಗೆ ಕಣ್ಣು ಹಾಯಿಸುತ್ತಿದ್ದಳು. ಅವನು ಸರಿಯಾಗಿ ಅದೇ ಹೊತ್ತಿಗೆ ಬಾಗಿಲಿನ ಗಾಜು ಒರೆಸುತ್ತಿದ್ದ. ಎಂಟು ತಿಂಗಳಲ್ಲಿ ಆ ಗಾಜು ಒಂದು ದಿನವೂ ಮಾಸಿರಲಿಲ್ಲ.

"ಅಲ್ಲಿ ಯಾರದಾರ್ರಿ?"

"ಒಂದು ಸಂಬಂಧ ಬಂದೈತಿ. ಹುಡುಗಂದು ಅಲ್ಲಿ ಹೋಟೆಲ್ ಐತಂತ. ಮಗಳನ್ನ ನೋಡಬೇಕನಿಸಿದ್ರ ಹೋಗಾಕ ಎಷ್ಟು ಹೊತ್ತು ಬೇಕು, ಕೇಳ್ಕೊಂಡು ಬಾ ಅಂದಾರ ಅಪ್ಪಾರು."

ಗುರುಲಿಂಗ ಪರದೆ ನೋಡಿದ. ಸುಮಾರು ಹದಿಮೂರು ಸಾವಿರ ಕಿಲೋಮೀಟರ್. ಒಂದೇ ಕಡೆ ವಿಮಾನ ಬದಲಿಸಿದರೆ ಇಪ್ಪತ್ತೆರಡು ತಾಸು. ಅವನ ಕೈ ಪಟ್ಟಿಯನ್ನು ಕೆಳಕೆಳಗೆ ಸರಿಸಿ, ಮೂರು ಕಡೆ ಇಳಿದು ಹತ್ತಬೇಕಾದ ಕಟ್ಟಕಡೆಯ ಟಿಕೆಟ್ಟಿಗೆ ಬಂದು ನಿಂತಿತು.

"ಮೂವತ್ತೆಂಟು ತಾಸ್ರಿ," ಎಂದ.

ಮುಂದೆ ಮೂರು ದಿನ ಪೂನಂ ಕಾಣಲಿಲ್ಲ. ಗುರುಲಿಂಗನಿಗೆ ಊಟ ಸೇರಲಿಲ್ಲ. ನಾಲ್ಕನೆಯ ಸಂಜೆ ಅವಳು ನೇರ ಒಳಗೇ ಬಂದು ಫೋನನ್ನು ಅವನ ಮುಂದೆ ಹಿಡಿದಳು.

"ಮೂವತ್ತೆಂಟು ತಾಸು ಕೇಳಿ ಅಪ್ಪಾರು ಸಂಬಂಧಾನ ಬ್ಯಾಡ ಅನ್ನಾಕತ್ತಾರ. ಇಲ್ಲಿ ನೋಡಿದ್ರ ಇಪ್ಪತ್ತೆರಡ ಐತಲ್ರಿ! ಉಳಿದ ಹದಿನಾರು ಎಲ್ಲಿಂದ ತಂದ್ರಿ?"

ಅವನ ಕಿವಿ ಬಿಸಿಯಾದವು. "ತಪ್ಪಾತ್ರಿ."

"ತಪ್ಪು ಅಂತ ಗೊತ್ತೈತಿ. ಯಾಕ ಅಂತ ಕೇಳಾಕತ್ತೇನಿ."

"ನೀವು ಅಷ್ಟು ದೂರ ಹೋಗೂದು ನನಗ ಬ್ಯಾಡಾಗಿತ್ತು. ಸಂಜೀಕ ಬಸ್ ಹತ್ತಿದ್ರ, ಮುಂಜಾನೆ ಯಾವಾಗ ಬರ್ತೀರಿ ಅಂತ ಕಾಯಾಂವ ನಾನು."

ಪೂನಂ ಥಟ್ಟನೆ ಮುಖ ತಿರುಗಿಸಿದಳು. ಆದರೂ ಕೆನ್ನೆಯ ಗುಳಿ ಅವನಿಗೆ ಕಂಡೇಬಿಟ್ಟಿತು.

"ಇದನ್ನ ಹೇಳಾಕ ಎಂಟು ತಿಂಗಳು ಬೇಕಾತೇನ್ರಿ?" ಎಂದಳು. ಮರುಕ್ಷಣವೇ ದನಿ ಗಂಭೀರವಾಯಿತು. "ಆದ್ರ ನಮ್ಮ ಅಪ್ಪಾರಿಗೆ ಸುಳ್ಳು ಮುಟ್ಟಿಸಿದ್ದು ನನಗ ಸೇರಲಿಲ್ಲ."

"ನಾನ ಬಂದು ಖರೇ ಹೇಳ್ತೇನಿ."

ಆಗಲೇ ಶಟರ್ ಎಳೆದ. ಬಸ್ಸಿನಲ್ಲಿ ಇಬ್ಬರ ನಡುವೆ ಅವಳ ಬ್ಯಾಗು ಕೂತಿತ್ತು. ದಾರಿಯ ರಾಜೇಶ್ವರ ಊರು ದಾಟಿದ ಮೇಲೆ ಅವಳೇ ಅದನ್ನು ತೊಡೆಯ ಮೇಲೆ ಎತ್ತಿಕೊಂಡಳು.

ಮನೆಯಲ್ಲಿ ಪೂನಂಳ ತಂದೆ ಮಹಾರುದ್ರಪ್ಪನವರು ಎಲ್ಲ ಕೇಳಿ, ಚಾಳೀಸಿನ ಮೇಲಿಂದ ಅವನನ್ನು ನೋಡಿದರು. ಆಮೇಲೆ ಮಗಳತ್ತ ತಿರುಗಿದರು.

"ಹಂಗಾರ ಟೊರಾಂಟೊದವರಿಗೆ ಏನ್ ಹೇಳ್ಲಿ?"

"ಇಪ್ಪತ್ತೆರಡೂ ಭಾಳ ಆತು ಅಂತ ಹೇಳ್ರಿ, ಅಪ್ಪಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಲಲಿತಾಬಾಯಿ ಮೆಲ್ಲಗೆ ಕೇಳಿದರು: "ಹುಮನಾಬಾದಿಗೆ ಎಷ್ಟು ಹಿಡಿತೈತಿ?"

ಗುರುಲಿಂಗ ಬಾಯಿ ತೆರೆಯುವಷ್ಟರಲ್ಲಿ ಪೂನಂ ಹೇಳಿಬಿಟ್ಟಳು: "ಒಂದ ತಾಸು, ಅವ್ವಾ."

ಮಹಾರುದ್ರಪ್ಪನವರ ಮೀಸೆಯಡಿ ನಗು ಹರಿದಾಡಿತು. "ಕುಂದ್ರಪಾ, ಚಾ ಕುಡಿ," ಎಂದರು. "ಐತವಾರ ನಿಮ್ಮ ಮನಿ ಹಿರಿಯರನ್ನ ಕರ್ಕೊಂಡು ಬಾ."