ಕೌದಿಯಲ್ಲೊಂದು ಕಿಂಡಿ

ಮೊದಲು ನೋಡಿದ್ದು ಕಂಪನಿಯ ವೇಷದ ಬಟ್ಟೆ ಹೊಲಿಯುವ ಓಲಾ ಮೇ. ಅವಳ ಕೂಗು ರಂಗದ ಮೇಲಿಂದ ಎದ್ದು, ಖಾಲಿ ಕುರ್ಚಿಗಳನ್ನು ದಾಟಿ, ಮುಂಬಾಗಿಲ ಹಿತ್ತಾಳೆ ಹಿಡಿ ಉಜ್ಜುತ್ತಿದ್ದ ಥರ್ಮನ್ ಬಾಸ್ಕಂನ ಕಿವಿಗೆ ಬಿತ್ತು.

ಬಿದ್ದು ಪೆಟ್ಟಾದವರ ಕೂಗಲ್ಲ ಅದು. ಸಾವಿನ ಸುದ್ದಿ ಕೇಳಿದವರ ಕೂಗು. ಪೊಲೀಸ್ ಪತ್ತೆದಳದಲ್ಲಿ ತಲೆ ನರೆಸಿಕೊಂಡವನಿಗೆ ಎರಡರ ವ್ಯತ್ಯಾಸ ಗೊತ್ತು. ನಿವೃತ್ತಿಯಾದ ಮೇಲೆ ಅವನು ಚರ್ಚಿನಲ್ಲಿ ಡೀಕನ್, ಅಂದರೆ ಸಭಾಸೇವಕ. ಮೆಂಫಿಸ್ಸಿನ ಈ ಕ್ಯಾಂಡಲ್ ಸ್ಟ್ರೀಟ್ ನಾಟಕ ಕಂಪನಿಯಲ್ಲಿ ಬಾಗಿಲಿನ ಯಜಮಾನ. ಕೈಲಿದ್ದ ಬಟ್ಟೆ ಕೆಳಗಿಟ್ಟು ನಡೆದ. ಓಡಲಿಲ್ಲ. ಓಡುವವರ ಕಣ್ಣಿಗೆ ಏನೂ ಬೀಳುವುದಿಲ್ಲ.

ರಂಗದ ಹಿಂಗೋಡೆಯ ಮುಂದೆ ಕೌದಿ ತೂಗುತ್ತಿತ್ತು. ಕಂಪನಿಯಲ್ಲಿ ದುಡಿದು ತೀರಿಹೋದ ಒಬ್ಬೊಬ್ಬರಿಗೂ ಅದರಲ್ಲೊಂದು ಚೌಕ, ಚೌಕದ ಮೇಲೆ ಹೆಸರು. ಅವರವರು ವೇಷಕ್ಕೆ ತೊಟ್ಟ ಬಟ್ಟೆಯಿಂದಲೇ ಕತ್ತರಿಸಿದ್ದು. ಹೊಸ ನಾಟಕದ ಮೊದಲ ಪ್ರದರ್ಶನದಂದು, ಆಟ ಶುರುವಾಗುವ ಮುನ್ನ, ಕಂಪನಿಯ ಒಡತಿ ವರ್ನೆಟಾ ಟಿಬ್ಸ್ ಆ ಹೆಸರುಗಳನ್ನು ಒಂದೊಂದಾಗಿ ಮುಟ್ಟಿ ಕರೆಯುತ್ತಾಳೆ. ಹೆಸರಿಗೊಂದು ಗುಟುಕು ನೀರನ್ನು ಗಿಡದ ಕುಂಡಕ್ಕೆ ಎರೆಯುತ್ತಾಳೆ. ಹಾಗೇ ಆಗಲಿ ಎನ್ನುವಂತೆ ಸಭೆಯೆಲ್ಲ ‘ಆಶೇ’ ಅನ್ನುತ್ತದೆ. ನಾಟಕ ಆಮೇಲೆ.

ಇವತ್ತು ಸಂಜೆ ಅಂಥ ಪ್ರದರ್ಶನ. ಕೌದಿಯ ನಟ್ಟನಡುವೆ ಅಂಗೈಗಿಂತ ಸ್ವಲ್ಪ ದೊಡ್ಡ ಕಿಂಡಿ. ಅದರಾಚೆ ಇಟ್ಟಿಗೆ ಗೋಡೆ ಕಾಣುತ್ತಿತ್ತು.

"ಲಮಾರ್," ಎಂದಳು ಓಲಾ ಮೇ, ಬಾಯಿಗೆ ಕೈ ಅಡ್ಡ ಹಿಡಿದು. "ನಮ್ಮ ಲಮಾರನ ಹೆಸರನ್ನೇ ಕಿತ್ಕೊಂಡು ಹೋಗಿದಾರೆ, ಡೀಕನ್."

* * *

ವರ್ನೆಟಾ ಬಂದಳು. ನೋಡಿದಳು. ಅಳಲಿಲ್ಲ. ರಂಗದ ಅಂಚಿನಲ್ಲಿ ಕೂತು ಕೈಗವಸು ತೆಗೆದಳು.

"ಬೀಗ?"

"ಒಡೆದಿಲ್ಲ," ಎಂದ ಥರ್ಮನ್.

"ಕೀ ಇರೋದು ನಮ್ಮ ಐದು ಜನರ ಹತ್ತಿರ. ಅಂದ್ರೆ ನಮ್ಮೋರೇ."

"ಹಾಗೇ ಕಾಣುತ್ತೆ, ವರ್ನೆಟಾ."

"ನೋಡಿ ಡೀಕನ್. ನನ್ನ ತಮ್ಮ ಲಮಾರನ ಹೆಣ ನನಗೆ ಸಿಗಲಿಲ್ಲ. ನ್ಯೂ ಆರ್ಲಿಯನ್ಸಿನ ಆ ಪ್ರವಾಹದ ನೀರು ಕೊಡಲೇ ಇಲ್ಲ. ಎರಡು ವರ್ಷ ಕಾದು ಅವನ ಹಳದಿ ವೇಸ್ಟ್‌ಕೋಟನ್ನ ಓಲಾ ಮೇ ಕೈಗೆ ಕೊಟ್ಟೆ. ಆ ತುಂಡು ಬಟ್ಟೆಯೇ ನನಗೆ ಅವನ ಗೋರಿ. ಸಂಜೆ ಆಟ ಶುರುವಾಗೋದ್ರೊಳಗೆ ಅದು ನನ್ನ ಕೈಗೆ ಬರಬೇಕು. ತಗೊಂಡೋರು ಯಾರಾದ್ರೂ ಆಗಲಿ, ಈ ಕಂಪನಿಯ ಹೊಸ್ತಿಲು ಮತ್ತೆ ತುಳಿಯೋ ಹಾಗಿಲ್ಲ."

ಅವಳು ಹೇಳಿದರೆ ಮುಗಿಯಿತು. ಕಳ್ಳನನ್ನು ಹಿಡಿಯುವುದು ಅವನಿಗೆ ಹೊಸದಲ್ಲ. ಆದರೆ ಈ ಐವರು ಭಾನುವಾರ ಒಂದೇ ಮೇಜಿನಲ್ಲಿ ಉಣ್ಣುವವರು. ಹಿಡಿದರೆ ಮೇಜಿನಲ್ಲೊಂದು ಕುರ್ಚಿ ಖಾಲಿ.

* * *

ಡೆಸ್ಮಂಡ್ ಹೇಲ್ ಅಟ್ಲಾಂಟಾದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಂಪನಿಯ ಆಡಳಿತ ಅವನದು. ಕೌದಿ ಹಳತಾಯಿತು, ಹೆಸರುಗಳನ್ನು ಬೆಳಕಿನಲ್ಲಿ ಗೋಡೆಯ ಮೇಲೆ ಮೂಡಿಸೋಣ ಎಂದು ಹೇಳಿ ಓಲಾ ಮೇ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದ. ಅವನ ಕೋಟಿನ ತೋಳಿನ ಮೇಲೆ ಒಂದೆಳೆ ಹಳದಿ ದಾರವಿತ್ತು.

"ಬೆಳಗ್ಗೆ ಬೇಗ ಬಂದಿದ್ರಂತೆ?" ಎಂದ ಥರ್ಮನ್.

"ಬಂದಿದ್ದೆ."

"ಯಾಕೆ?"

ಡೆಸ್ಮಂಡ್ ಕುತ್ತಿಗೆ ಉಜ್ಜಿಕೊಂಡ. "ಹೇಳಲೇಬೇಕಾ?"

"ತೋಳಿನ ಮೇಲೆ ದಾರ ಇಟ್ಕೊಂಡೋರು ಹೇಳಲೇಬೇಕು."

"ನಗಬೇಡಿ ಮತ್ತೆ. ಮಿಸ್ ಓಲಾ ಮೇ ಮಾಡೋ ಸಿಹಿಗೆಣಸಿನ ಪೈ ತಿಂದೂ ತಿಂದೂ ಕೋಟಿನ ಗುಂಡಿ ಹಾಕೋಕೆ ಆಗ್ತಿರಲಿಲ್ಲ. ಯಾರೂ ನೋಡದ ಹಾಗೆ ಅವರ ಕೈಲೇ ಸಡಿಲ ಮಾಡಿಸ್ಕೊಂಡೆ. ಪರದೆಯಂಚಿಗೆ ಅಂತ ಇಟ್ಟಿದ್ದ ಹಳದಿ ದಾರದಲ್ಲೇ ಒಳಗಡೆ ಹೊಲಿದ್ರು. ಬೇಕಾದ್ರೆ ತಿರುಗಿಸಿ ನೋಡಿ."

ಥರ್ಮನ್ ತಿರುಗಿಸಿ ನೋಡಿದ. ಹೊಲಿಗೆ ಇತ್ತು. ನಗು ತಡೆಯಲು ಕೆಮ್ಮಿದ.

"ಕೌದಿ ಬೇಡ ಅಂದಿದ್ದು ನೀವೇ ಅಲ್ವಾ?"

"ಬೇಡ ಅಂದಿದ್ದೆ. ಆಮೇಲೆ ಹೋದ ಆಟದಲ್ಲಿ ಆ ಹೆಸರು ಕರೆಯೋದನ್ನ ಕೇಳಿದೆ. ಆವತ್ತಿಂದ ಬಾಯಿ ಮುಚ್ಕೊಂಡಿದೀನಿ."

* * *

ಬಟ್ಟೆಕೋಣೆಯಲ್ಲಿ ಓಲಾ ಮೇ ಕೌದಿಯನ್ನು ಮಡಿಲಿಗೆ ಇಳಿಸಿಕೊಂಡು ಕೂತಿದ್ದಳು.

"ನನ್ನ ಮೇಲೂ ಅನುಮಾನಾನಾ ಡೀಕನ್?"

"ಕತ್ತರಿ ಆಡಿಸಿಲ್ಲ. ಹೊಲಿಗೆ ಬಿಚ್ಚಿದಾರೆ. ಅದಕ್ಕೆ ಕೇಳ್ತಿದೀನಿ."

"ಇದನ್ನ ಯಾರು ಬೇಕಾದ್ರೂ ಬಿಚ್ಚಬಹುದು. ಬೇರೆಯೋರದೆಲ್ಲ ಗಟ್ಟಿ ಹೊಲಿಗೆ. ಲಮಾರಂದು ಮಾತ್ರ ಕಚ್ಚಾ." ಅವಳು ಕನ್ನಡಕ ತೆಗೆದು ಒರೆಸಿದಳು. "ಸತ್ತ ಮುಖ ನೋಡದೆ ಗಟ್ಟಿ ಹೊಲಿಯೋಕೆ ನನಗೆ ಕೈ ಬರಲಿಲ್ಲ. ವರ್ನೆಟಾಗೆ ಹೇಳ್ಬೇಡಿ."

ಥರ್ಮನ್ ಕಿಂಡಿಯ ಅಂಚನ್ನು ಬೆರಳಿನಿಂದ ಸವರಿದ. ಚುಚ್ಚಿತು. ಅಂಚಿನ ಸುತ್ತ ಯಾರೋ ಸಣ್ಣ ಪಿನ್ನು ಹಾಕಿದ್ದರು. ಪಕ್ಕದ ಹೆಸರುಗಳ ಎಳೆ ಬಿಚ್ಚಿಕೊಳ್ಳಬಾರದೆಂದು.

"ಇದು ನೀವು ಹಾಕಿದ್ದಾ?"

"ಇಲ್ಲಪ್ಪ. ನಾನು ಮುಟ್ಟೇ ಇಲ್ಲ."

ಥರ್ಮನ್ ಒಂದೊಂದು ಪಿನ್ನನ್ನೂ ಬಗ್ಗಿ ನೋಡಿದ. ಹಗೆಯಿದ್ದವನು ಹರಿಯುತ್ತಾನೆ. ಇವನು ಕೂತು ಬಿಚ್ಚಿದ್ದಾನೆ. ಬಿಚ್ಚಿದ ಮೇಲೆ ಉಳಿದವರಿಗೆ ನೋವಾಗದ ಹಾಗೆ ಪಿನ್ನು ಚುಚ್ಚಿದ್ದಾನೆ.

ಬಾಗಿಲಲ್ಲಿ ವರ್ನೆಟಾ ನಿಂತಿದ್ದಳು. "ಇಲ್ಲೇನು ಹುಡುಕ್ತೀರಿ? ರೂಫಸ್ ಹತ್ತಿರ ಹೋಗಿ. ಅವನ ಕಾಲು ಕುಂಟಾಗಿದ್ದು ಯಾರಿಂದ?"

ಅದು ಎಲ್ಲರಿಗೂ ಗೊತ್ತಿದ್ದ ಕಥೆ. ಲಮಾರ್ ಕಂಪನಿಯ ಮುಖ್ಯ ನಟ, ಜೊತೆಗೆ ಕುಡುಕ. ಒಂದು ಸಂಜೆ ಅಮಲಿನಲ್ಲಿ ಪರದೆಯ ಹಗ್ಗ ಕೈಬಿಟ್ಟ. ಮೇಲಿನಿಂದ ಮರದ ತೊಲೆ ರೂಫಸ್ ಪೆಟಿಸ್‌ನ ಕಾಲಿನ ಮೇಲೆ ಬಿತ್ತು. ನಾಚಿಕೆಯಿಂದ ಲಮಾರ್ ಊರು ಬಿಟ್ಟು ನ್ಯೂ ಆರ್ಲಿಯನ್ಸ್ ಸೇರಿದ. ಆಮೇಲೆ ಪ್ರವಾಹ ಬಂತು.

* * *

ರೂಫಸ್ ಏಣಿಯ ಮೇಲೆ ದೀಪ ತಿರುಗಿಸುತ್ತಿದ್ದ. ರಂಗಸಜ್ಜು, ಬೆಳಕು, ಎರಡೂ ಅವನದೇ. ಚರ್ಚಿನ ಹಾಡಿನಲ್ಲಿ ಕೆಳಸ್ವರಕ್ಕೆ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

"ನನ್ನ ಸರದಿ ಬಂತಾ?" ಎಂದ, ಕೆಳಗೆ ನೋಡದೆ.

"ಬಂತು. ಲಮಾರನ ಮೇಲೆ ಇನ್ನೂ ಸಿಟ್ಟಿದೆಯಾ?"

"ಮಳೆ ಬಂದಾಗ ಕಾಲಿಗಿದೆ. ನನಗಿಲ್ಲ."

"ಚೌಕ ನೀನು ತಗೊಂಡೆಯಾ?"

ದೀಪ ಒಮ್ಮೆ ಅಲುಗಾಡಿತು. "ಡೀಕನ್, ಬಾಗಿಲ ಪಕ್ಕದ ಕುರ್ಚಿ ಒಂದು ಖಾಲಿ ಇಡಿ ಅಂತ ನಿನ್ನೆ ಕೇಳಿದ್ನಲ್ಲ, ಇಟ್ಟಿದೀರಾ?"

"ಇಟ್ಟಿದೀನಿ. ಯಾರಿಗದು?"

"ಇದಾರೆ ಒಬ್ಬರು."

"ನೀರೆರೆಯೋದು ಶುರುವಾದ ಮೇಲೆ ನಾನು ಬಾಗಿಲು ತೆಗೆಯಲ್ಲ. ಗೊತ್ತಲ್ಲ?"

"ಬಸ್ಸು ತಡವಾದ್ರೆ?"

"ನಮ್ಮ ಬಿಷಪ್ಪನ್ನೇ ಆಚೆ ನಿಲ್ಲಿಸಿದ ಬಾಗಿಲು ಅದು."

ರೂಫಸ್ ಮತ್ತೆ ದೀಪದ ಕಡೆ ತಿರುಗಿದ. ಚೌಕದ ಬಗ್ಗೆ ಕೇಳಿದ್ದಕ್ಕೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಸುಳ್ಳು ಹೇಳಲು ಬಾರದವನ ಮೌನ ಥರ್ಮನ್‌ಗೆ ಹಳೆಯ ಪರಿಚಯ.

* * *

ಅವನು ಹಿಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದ.

ಅಜ್ಜಿ ಅಡುಗೆಮನೆಯಲ್ಲಿ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುವಾಗ ಅವನು ಮೇಜಿನ ಕೆಳಗೆ ಕೂತು ಕೇಳುತ್ತಿದ್ದ. ಒಂದು ಸಾಲು ತಪ್ಪಿದರೂ ಹಲ್ಲು ಬಿದ್ದ ಜಾಗದ ಹಾಗೆ ಕಿವಿಗೆ ತಿಳಿಯುತ್ತಿತ್ತು. ಪತ್ತೆದಳದಲ್ಲಿ ಅವನನ್ನು ಬೆಳೆಸಿದ್ದು ಆ ಕಿವಿ.

ನಿನ್ನೆಯ ಕೊನೆಯ ತಾಲೀಮನ್ನು ಮನಸ್ಸಿನಲ್ಲಿ ಮತ್ತೆ ಕೇಳಿಸಿಕೊಂಡ. ವರ್ನೆಟಾ ಹೆಸರು ಕರೆಯುತ್ತಿದ್ದಾಳೆ. ಎಲ್ಲರ ‘ಆಶೇ’. ಓಲಾ ಮೇಯ ನಡುಗುವ ದನಿ. ಡೆಸ್ಮಂಡ್‌ನ ಅಳುಕು. ಎಲ್ಲಕ್ಕೂ ಕೆಳಗೆ, ನೆಲಗಟ್ಟಿನ ಹಾಗೆ, ರೂಫಸ್‌ನ ದನಿ. ಇನ್ನೊಂದು ಹೆಸರು. ಮತ್ತೊಂದು. ಆಮೇಲೆ, "ಲಮಾರ್ ಟಿಬ್ಸ್."

ನೆಲಗಟ್ಟು ಇರಲಿಲ್ಲ.

ಥರ್ಮನ್ ಕಣ್ಣು ತೆರೆದ. ನಿನ್ನೆ ಅದನ್ನು ಕೇಳಿಯೂ ಗಮನಿಸಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಆ ಹೆಸರಿಗೆ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸುತ್ತಿದ್ದವನು ರೂಫಸ್ಸೇ. ಸಿಟ್ಟಿದ್ದರೆ ಆಗ ಸುಮ್ಮನಿರಬೇಕಿತ್ತು. ಈಗೇಕೆ?

ಬಾಗಿಲ ಪಕ್ಕದ ಕುರ್ಚಿ. ತಡವಾಗಬಹುದಾದ ಬಸ್ಸು. ಊರಲ್ಲಿ ಬಂಧುಗಳೇ ಇಲ್ಲದ ರೂಫಸ್.

"ಕರ್ತನೇ," ಎಂದುಕೊಂಡ ಥರ್ಮನ್. ಎದ್ದು ನಿಂತ. ಎಲ್ಲರನ್ನೂ ರಂಗದ ಮೇಲೆ ಕರೆಯಲು ಹೊರಟ.

* * *

ಐವರೂ ರಂಗದ ಮೇಲೆ ಸೇರಿದರು. ಕರಿದ ಕ್ಯಾಟ್‌ಫಿಶ್ ಮೀನಿನ ಪೊಟ್ಟಣ ಮೇಜಿನ ಮೇಲಿತ್ತು, ಯಾರೂ ಬಿಚ್ಚಿರಲಿಲ್ಲ.

"ರೂಫಸ್," ಎಂದ ಥರ್ಮನ್, "ನಿನ್ನ ಸಲಕರಣೆ ಪೆಟ್ಟಿಗೆ ತೆಗಿ."

ರೂಫಸ್ ಪೆಟ್ಟಿಗೆ ತೆಗೆಯಲಿಲ್ಲ. ಅಂಗಿಯ ಒಳಗಿನಿಂದ, ಎದೆಯ ಹತ್ತಿರದಿಂದ, ಮಡಿಸಿದ ಹಳದಿ ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟ.

ವರ್ನೆಟಾಳ ಮುಖ ಬಿಗಿಯಿತು. "ಒಂದು ಕಾಲಿಗೋಸ್ಕರ..."

"ಕಾಲಿಗೋಸ್ಕರ ಅಲ್ಲ ವರ್ನೆಟಾ. ಸ್ವಲ್ಪ ತಾಳಿ." ಥರ್ಮನ್ ನಡುವೆ ನಿಂತ. "ಹಗೆಯಿಂದ ತೆಗೆದಿದ್ರೆ ಹರೀತಿದ್ದ. ಇವನು ಬಿಚ್ಚಿದಾನೆ, ಅಂಚಿಗೆ ಪಿನ್ನು ಹಾಕಿದಾನೆ. ನಿನ್ನೆ ತಾಲೀಮಲ್ಲಿ ಎಲ್ಲ ಹೆಸರಿಗೂ ಆಶೇ ಅಂದ, ಲಮಾರನ ಹೆಸರಿಗೆ ಮಾತ್ರ ಬಾಯಿ ಬಿಡಲಿಲ್ಲ. ಹೋದ ವರ್ಷ ಅಂದಿದ್ದ, ಅದರ ಹಿಂದಿನ ವರ್ಷಾನೂ ಅಂದಿದ್ದ. ಇವತ್ತು ಬಸ್ಸಲ್ಲಿ ಬರೋ ಯಾರಿಗೋ ಬಾಗಿಲ ಹತ್ತಿರ ಕುರ್ಚಿ ಹಿಡಿಸಿದಾನೆ. ನಾವು ಈ ಕೌದಿ ಮೇಲೆ ಯಾರ ಹೆಸರನ್ನ ಕರೀತೀವಿ?"

"ತೀರಿಹೋದೋರದು," ಎಂದ ಡೆಸ್ಮಂಡ್.

"ಹಾಗಾದ್ರೆ ಒಂದು ಹೆಸರಿಗೆ ಬಾಯಿ ಬಾರದೆ ಇರೋದು ಯಾವಾಗ?"

ಓಲಾ ಮೇ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹೇಳು ರೂಫಸ್," ಎಂದಳು ವರ್ನೆಟಾ.

"ಬದುಕಿದಾನೆ," ಎಂದ ರೂಫಸ್. "ಹ್ಯೂಸ್ಟನ್ನಲ್ಲಿ ಇದಾನೆ. ನೀರಿಂದ ಎತ್ತಿದೋರು ಅಲ್ಲಿಗೆ ಕರ್ಕೊಂಡು ಹೋಗಿದ್ರಂತೆ. ಬ್ರೆಡ್ ಅಂಗಡೀಲಿ ಕೆಲಸ. ಕುಡಿತ ಬಿಟ್ಟಿದಾನೆ. ಕುಡಿತ ಬಿಟ್ಟೋರು ತಾವು ನೋಯಿಸಿದೋರನ್ನೆಲ್ಲ ಹುಡುಕಿ ಕ್ಷಮೆ ಕೇಳಬೇಕಂತೆ. ನನ್ನಿಂದ ಶುರು ಮಾಡಿದ. ಹೋದ ಚಳಿಗಾಲ ಫೋನ್ ಬಂತು. ನಿಮ್ಮ ಹತ್ತಿರ ಮಾತಾಡೋಕೆ ಧೈರ್ಯ ಸಾಲದು, ಅಕ್ಕನ್ನ ಕೊನೆಗೆ ಇಟ್ಕೊಂಡಿದೀನಿ ಅಂದ."

"ನೀನು ನನಗೆ ಹೇಳಲಿಲ್ಲ."

"ಈಸ್ಟರಿಗೆ ಬರ್ತೀನಿ ಅಂದಿದ್ದ. ಬಸ್ ಸ್ಟಾಂಡಲ್ಲಿ ದಿನವೆಲ್ಲ ಕೂತೆ. ಬರಲಿಲ್ಲ. ನಿಮಗೆ ಹೇಳಿ, ಆಮೇಲೆ ಅವನು ಬರದೇ ಇದ್ದಿದ್ರೆ, ಮಿಸ್ ವರ್ನೆಟಾ, ನೀವು ಅವನನ್ನ ಎರಡನೇ ಸಲ ಕಳ್ಕೊಳ್ತಿದ್ರಿ." ರೂಫಸ್ ತಲೆ ತಗ್ಗಿಸಿದ. "ಇವತ್ತು ಮತ್ತೆ ಹೊರಟಿದಾನೆ. ಬಸ್ಸು ತಡವಾದ್ರೆ ನೀವು ಹೆಸರು ಕರೆಯೋ ಹೊತ್ತಿಗೆ ಅವನು ಇನ್ನೂ ದಾರೀಲಿರ್ತಾನೆ. ದಾರೀಲಿರೋನನ್ನ ಸತ್ತೋರ ಜೊತೆ ಕರೆದ್ರೆ ಅವನು ಆ ಕಡೆಗೇ ತಿರುಗಿಬಿಡ್ತಾನೆ ಅಂತ ನಮ್ಮಜ್ಜಿ ಹೇಳ್ತಿದ್ರು. ನಗಿ ಬೇಕಾದ್ರೆ. ನನಗೆ ಹೆದರಿಕೆ ಆಯ್ತು."

ಯಾರೂ ನಗಲಿಲ್ಲ. ವರ್ನೆಟಾ ಹಳದಿ ಬಟ್ಟೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಗೋರಿಯೆಂದು ಹೊಲಿಸಿದ್ದು ಮತ್ತೆ ವೇಸ್ಟ್‌ಕೋಟಿನ ತುಂಡಾಗಿತ್ತು.

ರೂಫಸ್ ತನ್ನ ಪೆಟ್ಟಿಗೆ ಎತ್ತಿಕೊಂಡ. "ಹೊಸ್ತಿಲು ತುಳಿಯೋ ಹಾಗಿಲ್ಲ ಅಂದಿದ್ರಲ್ಲ. ನಾನು ಹೊರಡ್ತೀನಿ."

"ಅವನು ಹೋದ್ರೆ ದೀಪ ಯಾರು ಹಾಕ್ತಾರೆ?" ಎಂದಳು ಓಲಾ ಮೇ. "ಡೆಸ್ಮಂಡಾ? ಎರಡು ಮೆಟ್ಟಿಲು ಹತ್ತಿದ್ರೆ ಕೋಟು ಬಿರಿಯುತ್ತೆ."

"ಮಿಸ್ ಓಲಾ ಮೇ! ಯಾರಿಗೂ ಹೇಳಲ್ಲ ಅಂದಿದ್ರಿ!"

ವರ್ನೆಟಾ ಕಣ್ಣೊರೆಸಿಕೊಂಡಳು. "ನಾನಾಡಿದ ಮಾತು ಹಿಂದಕ್ಕೆ ತಗೊಳಲ್ಲ. ಹೊಸ್ತಿಲು ತುಳೀಬೇಡ ರೂಫಸ್. ಒಳಗೇ ಬಿದ್ದಿರು." ಆಮೇಲೆ ಕೇಳಿದಳು, "ಬಸ್ಸು ಎಷ್ಟು ಹೊತ್ತಿಗೆ?"

"ಇಷ್ಟೊತ್ತಿಗೆ ಬರಬೇಕಿತ್ತು. ತಡವಂತೆ. ನೀವು ಹೋಗ್ತೀರಾ?"

ಅವಳು ಬಾಗಿಲ ಕಡೆ ನೋಡಿದಳು. ಖಾಲಿ ಕುರ್ಚಿಗಳನ್ನೂ ನೋಡಿದಳು. "ಇಲ್ಲ. ಜನ ಬರೋ ಹೊತ್ತಾಯ್ತು. ಅವನೂ ನಾಟಕದೋನೇ. ಬಾಗಿಲು ಎಲ್ಲಿದೆ ಅಂತ ಗೊತ್ತು."

* * *

ಸಂಜೆ ಸಭಾಂಗಣ ತುಂಬಿತು. ಒಂದೇ ಒಂದು ಕುರ್ಚಿ ಖಾಲಿ.

ಥರ್ಮನ್ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತ. ರಂಗದ ಮೇಲೆ ವರ್ನೆಟಾ, ಕೈಯಲ್ಲಿ ನೀರಿನ ಬಟ್ಟಲು. ಒಂದು ಹೆಸರು. ಒಂದು ಗುಟುಕು. ಆಶೇ. ಮೇಲಿನ ದೀಪಗಳ ನಡುವಿನಿಂದ ನೆಲಗಟ್ಟಿನಂಥ ಆ ದನಿ ಮತ್ತೆ ಬರುತ್ತಿತ್ತು.

ಬೆನ್ನ ಹಿಂದೆ, ಹೊರಗಿನ ಮೆಟ್ಟಿಲ ಮೇಲೆ, ಹೆಜ್ಜೆ. ನಿಂತಿತು. ಹಿಂದಕ್ಕೆ ತಿರುಗಿತು. ಮತ್ತೆ ನಿಂತಿತು.

ನೀರೆರೆಯುವ ಹೊತ್ತಿನಲ್ಲಿ ಥರ್ಮನ್ ಎಂದೂ ಮುಟ್ಟದ ಹಿತ್ತಾಳೆ ಹಿಡಿ. ಅದನ್ನು ಮೆಲ್ಲಗೆ ತಿರುಗಿಸಿದ. ಮೆಟ್ಟಿಲ ಮೇಲೆ ಸಣಕಲು ಗಂಡಸು, ಎದೆಗೊತ್ತಿಕೊಂಡ ಬ್ರೆಡ್ಡಿನ ಪೊಟ್ಟಣ.

"ತಡವಾಯ್ತು," ಎಂದಿತು ಆ ಆಕೃತಿ. "ನಿಮ್ಮ ಬಾಗಿಲಿನ ಕಟ್ಟಳೆ ಗೊತ್ತು ಡೀಕನ್. ಆಚೇನೇ ಇರ್ತೀನಿ."

"ಇಷ್ಟು ವರ್ಷ ಇದ್ದಿದ್ದು ಸಾಕು," ಎಂದ ಥರ್ಮನ್. "ನಿನ್ನ ಕುರ್ಚಿ ಅಲ್ಲಿದೆ."

ವರ್ನೆಟಾಳ ಬೆರಳು ಕೌದಿಯ ನಡುವಿಗೆ ಬಂದಿತ್ತು. ಕಿಂಡಿಯ ಹಿಂದೆ ರೂಫಸ್ ಒಂದು ಪುಟ್ಟ ದೀಪ ಇಟ್ಟಿದ್ದ. ಬೆಳಕು ಅವಳ ಅಂಗೈ ಮೇಲೆ ಬಿತ್ತು. ಅವಳು ಹೆಸರು ಕರೆಯಲಿಲ್ಲ. ಬಟ್ಟಲನ್ನು ಬಗ್ಗಿಸಲೂ ಇಲ್ಲ. ಇಡೀ ಸಭೆ ಕಾಯಿತು.

"ಅಕ್ಕಾ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ರಂಗಕ್ಕೆಂದೇ ಪಳಗಿದ ದನಿ, ಸ್ವಲ್ಪ ಒಡೆದಿತ್ತು. "ಆ ಗುಟುಕು ಚೆಲ್ಲಬೇಡ. ನನಗೇ ಕೊಡು. ಬಸ್ಸಲ್ಲಿ ಕುಡಿಯೋಕೆ ನೀರೇ ಇರಲಿಲ್ಲ."

ಅವಳು ಬಟ್ಟಲು ಹಿಡಿದು ಮೆಟ್ಟಿಲಿಳಿದು ಬಂದಳು. ಅವನು ಎರಡೂ ಕೈಯಲ್ಲಿ ಈಸಿಕೊಂಡು ಕುಡಿದ. ಗಂಟಲಿನ ಸದ್ದು ಥರ್ಮನ್‌ಗೆ ಕೇಳಿಸಿತು.

ದೀಪಗಳ ನಡುವಿನಿಂದ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಕೆಳಸ್ವರದಲ್ಲಿ, ರೂಫಸ್ ಅಂದ:

"ಆಶೇ."