ತುಲೆ, ತೂಲೆ

ಮೊದಲು ಕರೆದವಳು ನಾನೇ. ಕರೆದದ್ದು ನನಗೇ ಗೊತ್ತಿರಲಿಲ್ಲ.

ಬಹರೈನಿನ ಮನಾಮದಲ್ಲಿ, ಹಳೇ ಪೇಟೆಯ ಓಣಿಯಲ್ಲಿ ನನ್ನ ಸೋದರಮಾವ ಸರ್ವೋತ್ತಮನ ಫೋಟೊ ಸ್ಟುಡಿಯೊ. 2009ರ ಅಕ್ಟೋಬರ್ ತಿಂಗಳು. ನಾನು ಕಾಪುವಿನಿಂದ ಬಂದು ಆಗಷ್ಟೇ ಒಂದು ವರ್ಷವಾಗಿತ್ತು. ಬಿಳಿ ಪರದೆಯ ಮುಂದೆ ಕೂತವರ ಕಣ್ಣು ಅತ್ತಿತ್ತ ಹೋದರೆ ನನ್ನ ಬಾಯಿಗೆ ಬರುವುದು ಇಂಗ್ಲಿಷೂ ಅಲ್ಲ, ಹಿಂದಿಯೂ ಅಲ್ಲ, ಮನೆಯ ತುಳು. "ತೂಲೆ." ಅಂದರೆ, ನೋಡಿ. ಅವಸರದಲ್ಲಿ ಅದರ ದೀರ್ಘವನ್ನು ನುಂಗಿಬಿಡುತ್ತೇನೆ.

"ತುಲೆ, ತುಲೆ" ಎಂದೆ.

ಸ್ಟೂಲಿನ ಮೇಲಿದ್ದವನು ಎದ್ದು ಬಂದು ನನ್ನ ಮುಂದೆ ನಿಂತ.

ಕ್ಯಾಮೆರಾದಿಂದ ಮುಖ ತೆಗೆದು ಮೇಲೆ ನೋಡಿದೆ. ನೋಡುತ್ತಲೇ ಹೋದೆ, ಅಷ್ಟು ಎತ್ತರ. ಒಣಹುಲ್ಲಿನ ಬಣ್ಣದ ಕೂದಲು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಬಣ್ಣ ಹಾಕಲು ಮರೆತಂಥ ತಿಳಿ ಕಣ್ಣುಗಳು. ಪ್ಲೀಸ್ ಸಿಟ್ ಎಂದೆ. ಹೋಗಿ ಕೂತ. ಅವನ ಕಣ್ಣು ಗೋಡೆಯ ಮದುವೆ ಫೋಟೊಗಳ ಕಡೆ ತಿರುಗಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ತುಲೆ!"

ಮತ್ತೆ ಎದ್ದು ಬಂದ. ಈ ಸಲ ಇನ್ನೂ ಬೇಗ.

ಕೌಂಟರಿನಲ್ಲಿ ಫೋಟೊ ಕತ್ತರಿಸುತ್ತಿದ್ದ ಮಾಮ ನಗಲು ಶುರುಮಾಡಿದರು. "ಎಂತ ಮಾರಾಯ್ತಿ, ಗಿರಾಕಿಗೆ ಮಂತ್ರ ಹಾಕ್ತಾ ಇದ್ದೀಯಾ?"

"ನೀವೇ ಕರೆದಿರಲ್ಲ" ಎಂದ ಅವನು ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ. "ನನ್ನ ಭಾಷೆಯಲ್ಲಿ ತುಲೆ ಅಂದರೆ ಬಾ. ಎರಡು ಸಲ ಕರೆದಿರಿ, ಎರಡು ಸಲ ಬಂದೆ. ಮೂರನೆಯ ಸಲ ಕಾಫಿ ಇರುತ್ತದೆಯೇ?"

ನನ್ನ ಕಿವಿಯ ತನಕ ಬಿಸಿಯಾಯಿತು. ಆ ದಿನದ ಫೋಟೊದಲ್ಲಿ ಅವನ ತುಟಿಯ ಒಂದು ಕೊನೆ ಮೇಲಕ್ಕೆ ಹೋಗಿದೆ.

ಅವನನ್ನು ಕರೆತಂದಿದ್ದವನು ಉಳ್ಳಾಲದ ಹಾರಿಸ್ ಭಾಯಿ, ಒಂದು ಫುಟ್‌ಬಾಲ್ ಕ್ಲಬ್ಬಿನ ಡ್ರೈವರ್. "ಹೊಸ ಸ್ಟ್ರೈಕರ್. ಎಸ್ಟೋನಿಯಾ ಅಂತೆ" ಎಂದ.

"ಅದು ಎಲ್ಲಿ ಬರ್ತದೆ?" ಮಾಮ ಕೇಳಿದರು.

"ಯಾರಿಗೆ ಗೊತ್ತುಂಟು ಸರ್ವೋತ್ತಮಣ್ಣ! ಸಮುದ್ರವೇ ಐಸ್ ಆಗ್ತದಂತೆ. ಇಲ್ಲಿ ಎ.ಸಿ. ಬಿಟ್ಟು ಹೊರಗೆ ಬಂದ್ರೆ ಮೇಣದ ಹಾಗೆ ಕರಗ್ತಾನೆ ಇವ."

ಫೋಟೊದ ಲಕೋಟೆಯ ಮೇಲೆ ಹೆಸರು ಬರೆಯಬೇಕಿತ್ತು. ಕೇಳಿದೆ.

"ಪ್ರೀತ್."

ನಾನು ತಲೆ ಎತ್ತಲಿಲ್ಲ. ಪೆನ್ನು ಹಿಡಿದ ಕೈ ಮಾತ್ರ ಒಂದು ಕ್ಷಣ ನಿಂತಿತು. ಇಂಥ ಹೆಸರಿಟ್ಟುಕೊಂಡು ಊರೂರು ತಿರುಗಬಹುದೇ ಒಬ್ಬ ಮನುಷ್ಯ?

*

ಆಮೇಲೆ ಅವನಿಗೆ ಫೋಟೊಗಳು ಬಹಳ ಬೇಕಾದವು. ವೀಸಾಕ್ಕೆ ಒಮ್ಮೆ, ಲೈಸೆನ್ಸಿಗೆ ಒಮ್ಮೆ, ಅಮ್ಮನಿಗೆ ಕಳಿಸಲು ಒಮ್ಮೆ. ಅಮ್ಮನಿಗೆ ಯಾರಾದರೂ ಪಾಸ್‌ಪೋರ್ಟ್ ಸೈಜು ಕಳಿಸುತ್ತಾರಾ ಎಂದರೆ, "ನಮ್ಮಮ್ಮನ ಕನ್ನಡಕ ಒಳ್ಳೆಯದು" ಎನ್ನುತ್ತಿದ್ದ.

ಇಂಗ್ಲಿಷಿನಲ್ಲಿ ನೀವೂ ನೀನೂ ಒಂದೇ. ನನ್ನ ಮನಸ್ಸಿನಲ್ಲಿ ಅದು ಯಾವಾಗ 'ನೀನು' ಆಯಿತು ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮಾಮ ಮಧ್ಯಾಹ್ನ ಊಟಕ್ಕೆ ಹೋದಾಗ ಕೌಂಟರಿನ ಆಚೆ ಅವನು, ಈಚೆ ನಾನು, ನಡುವೆ ಎರಡು ಲೋಟ ಕರಕ್ ಚಹಾ. ತಾನು ಆಡಿದ ಊರುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದ. ಫಿನ್ಲೆಂಡ್, ನಾರ್ವೆ, ಸೈಪ್ರಸ್, ಹಂಗೇರಿ, ಮತ್ತೆ ಫಿನ್ಲೆಂಡ್. ಎಲ್ಲಿಯೂ ಒಂದು ಸೀಸನ್, ಅರ್ಧ ಸೀಸನ್. ದೇಶದ ಜರ್ಸಿ ಹಾಕಿದ್ದು ಎರಡೇ ಸಲ. ಎರಡನೆಯ ಸಲ ಹನ್ನೊಂದು ನಿಮಿಷ.

"ಸ್ಟ್ರೈಕರ್ ಅಂದರೆ ಎಂತ ಕೆಲಸ?" ಕೇಳಿದೆ.

"ಕಾಯುವುದು. ತೊಂಬತ್ತು ನಿಮಿಷದಲ್ಲಿ ಚೆಂಡು ಎರಡೋ ಮೂರೋ ಸಲ ನನ್ನ ಹತ್ತಿರ ಬರುತ್ತದೆ. ಆಗ ಯೋಚಿಸಿದರೆ ಮುಗಿಯಿತು." ತನ್ನ ಎಡ ಮೊಣಕಾಲನ್ನು ಉಜ್ಜಿಕೊಂಡ. "ನನಗೀಗ ಮೂವತ್ತೊಂದು. ಇತ್ತೀಚೆಗೆ ಯೋಚಿಸುತ್ತೇನೆ."

ನಾನು ಅಜ್ಜಿಯ ಕತೆಗಳನ್ನು ಹೇಳುತ್ತಿದ್ದೆ. ನನ್ನ ಹೆಸರೂ ಅಜ್ಜಿಯದೇ, ರಾಜೀವಿ. ಅವಳ ಕತೆಯಲ್ಲಿ ಸಮುದ್ರದ ಕುಮಾರನೊಬ್ಬ ಮುಸ್ಸಂಜೆ ಬಾಗಿಲಿಗೆ ಬಂದು ಹುಡುಗಿಯ ಹೆಸರನ್ನು ಒಂದೇ ಒಂದು ಸಲ ಕರೆಯುತ್ತಾನೆ. ಓಗೊಟ್ಟವಳು ನೊರೆಯಾಗಿ ಹೋಗುತ್ತಾಳೆ. ಅದಕ್ಕೇ ಒಂದೇ ಸಲ ಕರೆದರೆ ಉತ್ತರಿಸಬಾರದು ಎನ್ನುತ್ತಿದ್ದಳು ಅಜ್ಜಿ. ಮನುಷ್ಯರಾದರೆ ಎರಡನೆಯ ಸಲ ಕರೆದೇ ಕರೆಯುತ್ತಾರೆ.

ಪ್ರೀತ್ ತಲೆಯಾಡಿಸಿದ. "ನಮ್ಮಲ್ಲಿ ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಚಳಿ. ಬಾಯಿ ತೆರೆದರೆ ನಾಲಿಗೆ ಹೆಪ್ಪುಗಟ್ಟುತ್ತದೆ."

"ಹಾಗಾದರೆ ನಿಮ್ಮೂರಿನ ಹುಡುಗಿಯರೆಲ್ಲ ನೊರೆಯೇ!"

"ಅಲ್ಲ, ಐಸ್" ಎಂದು ನಕ್ಕ. ನಕ್ಕಾಗ ಆ ತಿಳಿ ಕಣ್ಣಿನ ಸುತ್ತ ಸಣ್ಣ ಗೆರೆಗಳು ಏಳುತ್ತಿದ್ದವು. ಎಷ್ಟೋ ಫೋಟೊ ತೆಗೆದರೂ ಆ ಗೆರೆಗಳು ನನ್ನ ಕ್ಯಾಮೆರಾಕ್ಕೆ ಸಿಕ್ಕಲೇ ಇಲ್ಲ.

ಒಂದು ದಿನ ಲಕೋಟೆಯ ಮೇಲೆ ತು ಮತ್ತು ತೂ ಬರೆದು ತೋರಿಸಿದೆ. ಇದು ಗಿಡ್ಡ, ಇದಕ್ಕೊಂದು ಎಳೆತ ಬಂದರೆ ಉದ್ದ, ನಾನು ಅನ್ನಬೇಕಿದ್ದದ್ದು ಈ ಉದ್ದದ ತೂಲೆ, ನೋಡಿ ಎಂದು. ಅವನ ಕಣ್ಣು ಅರಳಿತು. "ನಮ್ಮಲ್ಲೂ ಹಾಗೆಯೇ! ತುಲೆ ಅಂದರೆ ಬಾ. ಉದ್ದ ಮಾಡಿ ತೂಲೆ ಅಂದರೆ ಗಾಳಿಯ, ಗಾಳಿಗೆ ಸೇರಿದ್ದು. ಆ ದಿನ ನೀನು ಸರಿಯಾಗಿ ಹೇಳಿದ್ದರೆ ನಾನು ಕೂತಲ್ಲಿಂದಲೇ ಕಿಟಕಿ ಹುಡುಕುತ್ತಿದ್ದೆ."

"ನೀನು ಗಿಡ್ಡ ಉದ್ದ ತಪ್ಪುವುದಿಲ್ಲವಾ?"

"ಗೋಲು ತಪ್ಪುತ್ತೇನೆ. ಇದನ್ನು ತಪ್ಪುವುದಿಲ್ಲ."

*

ಒಂದು ಶುಕ್ರವಾರ ಸಂಜೆ ಮಾಮ ಮ್ಯಾಚಿಗೆ ಕರೆದುಕೊಂಡು ಹೋದರು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ಚೆಂಡು ಎಲ್ಲೆಲ್ಲೋ ಇತ್ತು. ಅವನು ಒಬ್ಬನೇ ದೂರದಲ್ಲಿ, ಮದುವೆಮನೆಯಲ್ಲಿ ಯಾರೂ ಗುರುತು ಹಿಡಿಯದ ನೆಂಟನ ಹಾಗೆ, ನಿಂತಿದ್ದ. ಎರಡು ಸಲ ಚೆಂಡು ಬಂತು, ಎರಡು ಸಲವೂ ಹೊರಗೆ ಹೋಯಿತು. ನಮ್ಮ ಹಿಂದಿದ್ದವರು ಶಿಳ್ಳೆ ಹಾಕಿ ಬೈದರು. ನನಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ಊರಿನ ದೇವರನ್ನೆಲ್ಲ ಕರೆದೆ.

ಗದ್ದಲ ಎದ್ದಿತು. ಕಣ್ಣು ತೆರೆದಾಗ ಚೆಂಡು ಬಲೆಯಲ್ಲಿತ್ತು.

"ಒಂದೇ ಒಂದು ಗೋಲು!" ಮರುದಿನ ಕೌಂಟರಿನ ಮೇಲೆ ಬಾಗಿ ಕೇಳಿದ. "ಇಡೀ ಊರಿಗೆ ನೋಡಿ ನೋಡಿ ಅನ್ನುವವಳು, ನೀನು ನೋಡಲಿಲ್ಲವಾ?"

ಅವನು ಬಹರೈನಿನಲ್ಲಿ ಹೊಡೆದದ್ದು ಅದೊಂದೇ ಗೋಲು.

*

ಡಿಸೆಂಬರಿನಲ್ಲಿ ಅಮ್ಮನ ಫೋನು ಬಂತು. ಪುಣೆಯಲ್ಲಿ ಹೋಟೆಲಿದ್ದವರ ಸಂಬಂಧ. ಹುಡುಗನಿಗೆ ಒಂದು ಒಳ್ಳೆ ಫೋಟೊ ಕಳಿಸಬೇಕಂತೆ. ಅತ್ತೆಯ ನೀಲಿ ಸೀರೆ ಉಟ್ಟು ಅದೇ ಸ್ಟೂಲಿನ ಮೇಲೆ ಕೂತೆ. ಕ್ಯಾಮೆರಾ ಹಿಂದೆ ಮಾಮ.

"ನಗು ಮಗಾ. ಬ್ಯಾಂಕಿನವರು ಬಂದ ಹಾಗೆ ಕೂತಿದ್ದೀಯಲ್ಲ."

ಆಗಲೇ ಬಾಗಿಲು ತೆರೆಯಿತು. ಪ್ರೀತ್ ಕುಂಟುತ್ತಾ ಒಳಗೆ ಬಂದ. ಸೀರೆಯಲ್ಲಿ ನನ್ನನ್ನು ಕಂಡು ಮಾಮನ ಹಿಂದೆ ಹಾಗೆಯೇ ನಿಂತುಬಿಟ್ಟ. ತಲೆಯ ಟೋಪಿಯನ್ನು ಮೆಲ್ಲಗೆ ತೆಗೆದ.

ಮಾಮ ಕ್ಲಿಕ್ ಮಾಡಿದರು.

ವಾರದ ಮೇಲೆ ಅಮ್ಮ ಅಳುತ್ತಾ ನಗುತ್ತಾ ಫೋನ್ ಮಾಡಿದಳು. "ಒಪ್ಪಿದ್ರು ರಾಜೀವಿ! ಹುಡುಗಿಯ ಕಣ್ಣಿನಲ್ಲಿ ಎಂಥ ಬೆಳಕು ಮಾರಾಯ್ರೆ, ಎದುರಿಗೆ ದೇವರೇ ನಿಂತ ಹಾಗೆ ಅಂದ್ರಂತೆ ಹುಡುಗನ ತಾಯಿ. ಮೇ ತಿಂಗಳಲ್ಲಿ ಮದುವೆ. ಆಗಬಹುದಲ್ಲ?"

ನಾನು ಹ್ಞೂಂ ಎಂದೆ. ಫೋನಿಟ್ಟು ಬಿಳಿ ಪರದೆಯ ಹಿಂದೆ ಹೋದೆ. ಅಲ್ಲಿ ಮುಖ ಯಾರಿಗೂ ಕಾಣುವುದಿಲ್ಲ.

"ರಾಜೀವಿ" ಪರದೆಯ ಆಚೆಯಿಂದ ಮಾಮನ ಸ್ವರ ಬಂತು. "ಇಪ್ಪತ್ತಾರು ವರ್ಷ ಜನರ ಮುಖ ನೋಡಿಯೇ ಅನ್ನ ತಿಂದವ ನಾನು. ಆ ಫೋಟೊ ತೆಗೆದವ ನಾನಲ್ಲ ಅಂತ ನನಗೆ ಗೊತ್ತುಂಟು. ಅವ ಒಳ್ಳೆಯವನೇ. ಆದ್ರೆ ಅವನಿಗೇ ನಿಲ್ಲುವ ಜಾಗ ಇಲ್ಲ ಮಗಾ. ನಿನ್ನನ್ನು ಎಲ್ಲಿಗೆ ಅಂತ ಕರೀತಾನೆ?"

ಕರೆದರೆ ಸಾಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ಕರೆಯದಿರಲಿ ದೇವರೇ ಎಂದು ಇನ್ನೊಂದು.

*

ಜನವರಿಯಲ್ಲಿ ಕ್ಲಬ್ಬು ಬೇರೆ ಸ್ಟ್ರೈಕರ್‌ನನ್ನು ತಂದಿತು. ಮೊಣಕಾಲಿನ ಊತ ಇಳಿಯದ ಇವನಿಗೆ ಟಿಕೆಟ್ ಕೊಟ್ಟಿತು. ಫಿನ್ಲೆಂಡಿನ ತೀರಾ ಬಡಗಣ ಊರಿನ ಒಂದು ಸಣ್ಣ ತಂಡದಲ್ಲಿ ಎರಡು ವಾರ ಟ್ರಯಲ್. ಮೆಚ್ಚಿದರೆ ಆರು ತಿಂಗಳು.

ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಬಂದ. ಮಧ್ಯಾಹ್ನ ಮೂರು ಗಂಟೆ. ಹೊರಗೆ ಶಮಾಲ್ ಗಾಳಿ, ಬಡಗಣ ದಿಕ್ಕಿನಿಂದ ಧೂಳು ಹೊತ್ತು ಓಣಿಯ ತುಂಬ ಬೀಸುತ್ತಿತ್ತು.

"ಟ್ರಯಲ್‌ಗೆ ಫೋಟೊ ಬೇಕು" ಎಂದ.

ಸ್ಟೂಲಿನ ಮೇಲೆ ಕೂತ. ಆವತ್ತು ಅವನಿಗೆ ತೂಲೆ ಎನ್ನಬೇಕಾಗಲಿಲ್ಲ. ಕಣ್ಣು ಎಲ್ಲಿಗೂ ಹೋಗಲಿಲ್ಲ.

"ಮದುವೆಯಂತೆ. ಹಾರಿಸ್ ಹೇಳಿದ."

"ಹೌದು. ಮೇ ತಿಂಗಳಲ್ಲಿ."

"ಒಳ್ಳೆಯವನಾ?"

"ಫೋಟೊದಲ್ಲಿ ಒಳ್ಳೆಯವನು."

ಅವನು ನಗಲಿಲ್ಲ. ಲಕೋಟೆಯ ಮೇಲೆ ಹೆಸರು ಬರೆದೆ, ಈ ಸಲ ಕನ್ನಡದಲ್ಲಿ. ಅವನು ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಹೊರಗೆ ಹಾರಿಸ್ ಭಾಯಿಯ ಹಾರ್ನು.

ಬಾಗಿಲ ತನಕ ಹೋದೆ. ಕಾರಿನ ಬಾಗಿಲು ಹಿಡಿದು ಅವನು ತಿರುಗಿದ. ಗಾಳಿಗೆ ಕೂದಲೆಲ್ಲ ಹಣೆಯ ಮೇಲೆ ಬಿದ್ದಿತ್ತು.

"ತುಲೆ" ಎಂದ.

ಒಂದೇ ಸಲ. ಗಿಡ್ಡ.

ಕೌಂಟರಿನಲ್ಲಿ ಮಾಮನ ಕತ್ತರಿಯ ಸದ್ದು ನಿಂತಿತು. ನನ್ನ ಕಾಲ ಬುಡದಿಂದ ಕಾರಿಗೆ ಆರು ಹೆಜ್ಜೆ. ಆರು ಹೆಜ್ಜೆಯಲ್ಲಿ ಅಮ್ಮನ ಅಳುನಗು, ಊರಿಗೆಲ್ಲ ಹಂಚಿ ಆಗಿದ್ದ ಮದುವೆಯ ಸುದ್ದಿ, ಅವನಿಗೇ ಗೊತ್ತಿಲ್ಲದ ಅವನ ಮುಂದಿನ ಊರು. ಒಂದೇ ಸಲ ಕರೆದರೆ ಓಗೊಡಬಾರದು. ಇನ್ನೊಂದು ಸಲ ಕರೆ, ಒಂದೇ ಒಂದು ಸಲ. ಮನಸ್ಸಿನೊಳಗೆ ಹಾಗೆಂದುಕೊಂಡೆ. ಬಾಯಿ ಮಾತ್ರ ಬೇರೆಯೇ ಹೇಳಿತು.

"ಹ್ಞಾಂ, ನೋಡ್ತಾ ಇದ್ದೇನೆ."

ಗಿಡ್ಡದ್ದನ್ನು ನಾನು ಬೇಕೆಂದೇ ಉದ್ದ ಮಾಡಿ ಕೇಳಿಸಿಕೊಂಡದ್ದು ಅವನಿಗೆ ಅರ್ಥವಾಯಿತು. ಆ ತಿಳಿ ಕಣ್ಣಿನ ಸುತ್ತ ಗೆರೆಗಳು ಎದ್ದವು. ಅವನು ಎರಡನೆಯ ಸಲ ಬಾಯಿ ತೆರೆದ, ಅಜ್ಜಿ ಹೇಳಿದ ಮನುಷ್ಯರ ಹಾಗೆಯೇ. ಆದರೆ ಈ ಸಲ ಅದನ್ನು ಎಳೆದು, ನಿಧಾನವಾಗಿ, ನನಗಾಗಿಯೇ ಉದ್ದ ಮಾಡಿ ಹೇಳಿದ.

"ಹೌದು. ತೂಲೆ."

ನನ್ನ ಭಾಷೆಯಲ್ಲಿ ಅದು ನೋಡಿ. ಅವನ ಭಾಷೆಯಲ್ಲಿ ಅದು ಗಾಳಿಗೆ ಸೇರಿದ್ದು.

ಕಾರು ಚಿನ್ನದಂಗಡಿಯ ತಿರುವಿನಲ್ಲಿ ಮರೆಯಾಗುವವರೆಗೆ, ಮರೆಯಾದ ಮೇಲೂ, ಧೂಳು ಕಣ್ಣಿಗೆ ಬಿದ್ದರೂ ಮುಚ್ಚದೆ, ನಾನು ನೋಡಿದೆ.